ನಾಗುವಿನ ಕೆನ್ನೆಯ ಕಲೆ

ಹೊನ್ನಾವರದ ಪಕ್ಕದ ಕಾಸರಕೋಡಿನ ನಾಗು ಬುಟ್ಟಿ ಹೊತ್ತು ಪೇಟೆಯಲ್ಲಿ ಮನೆಮನೆಗೆ ಮೀನು ಮಾರುವವಳು. ಅವಳ ಬಲಗೆನ್ನೆಯಲ್ಲಿ, ಕಿವಿಯ ಹತ್ತಿರ, ಕೆಂಪು ಕಂದು ಬಣ್ಣದ ಕಲೆಯೊಂದಿತ್ತು. ನೋವಿಲ್ಲ, ತುರಿಕೆಯಿಲ್ಲ. ಹೆಸರುಕಾಳಿನಷ್ಟಿದ್ದದ್ದು ನಾಲ್ಕು ವರ್ಷದಲ್ಲಿ ಎಂಟಾಣೆಯಗಲ ಆಯಿತು. ಹುಳುಕಡ್ಡಿಯಿರಬೇಕೆಂದು ಅಂಗಡಿಯ ಮುಲಾಮು ಹಚ್ಚಿದಳು, ಸೊಪ್ಪಿನ ರಸ ಹಚ್ಚಿದಳು. ಕಲೆ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಲೇ ಇತ್ತು.

ಒಂದು ದಿನ ಪೇಟೆಯ ಇಬ್ಬರು ಗಿರಾಕಿಗಳು ಬಾಗಿಲಲ್ಲೇ "ಇವತ್ತು ಬೇಡ" ಎಂದರು. ಮಾರನೇ ದಿನವೂ ಅದೇ ಮಾತು. ಮನೆಯಲ್ಲಿ ತಮ್ಮನ ಹೆಂಡತಿ ತಿಮ್ಮಿ ಅವಳಿಗೆ ಬೇರೆ ಬಟ್ಟಲು ತಂದಿಟ್ಟಳು.

"ಸಿಟ್ಟು ಮಾಡ್ಬೇಡಿ ಅತ್ಗೆ. ಮಕ್ಕಳಿರೋ ಮನೆ. ಎಲ್ಲರೂ ದೊಡ್ಡ ರೋಗ ಹೇಳ್ತ್ರು."

ದೊಡ್ಡ ರೋಗವೆಂದರೆ ಕುಷ್ಠವೆಂದು ನಾಗುವಿಗೆ ಗೊತ್ತಿತ್ತು. ಆಮೇಲೆ ಕೆನ್ನೆಗೆ ಸೆರಗೆಳೆದುಕೊಂಡೇ ತಿರುಗಿದಳು.

ಮಕ್ಕಳಿಗೆ ಚುಚ್ಚುಮದ್ದು ಹಾಕಲು ಬಂದ ನರ್ಸ್ ಪರಮೇಶ್ವರಿಬಾಯಿ ಅದನ್ನು ಗಮನಿಸಿದರು.

"ಸೆರಗು ತೆಗಿ ನಾಗು. ಎಂತ ಆತು ನೋಡ್ವ."

"ನೋಡೂದೆಂತ ಬಾಯೋರೆ? ಊರಿಗೇ ಗೊತ್ತಾಗಿದೆ."

"ಊರಿನವ್ರು ಡಾಕ್ಟರಾ? ಕಣ್ಣು ಮುಚ್ಚು. ತಾಗಿದ ಕೂಡ್ಲೆ ಹೇಳು."

ಪರಮೇಶ್ವರಿಬಾಯಿ ಹತ್ತಿಯ ಎಳೆಯನ್ನು ಕಲೆಗೆ ಮುಟ್ಟಿಸಿದರು. "ಈಗ," ಎಂದಳು ನಾಗು. ಇನ್ನೊಂದು ಕಡೆ ಮುಟ್ಟಿಸಿದರು. "ಈಗ." ಐದು ಸಲವೂ ತಪ್ಪಲಿಲ್ಲ.

"ಹೆಚ್ಚಾಗಿ ಕುಷ್ಠದ ಕಲೆಗೆ ಮುಟ್ಟಿದ್ದು ಗೊತ್ತಾಗೂದಿಲ್ಲ. ನಿಂಗೆ ಗೊತ್ತಾಗ್ತದೆ. ಆದ್ರೆ ಇಷ್ಟರಿಂದ್ಲೇ ಇಂಥದ್ದೇ ರೋಗ ಹೇಳ್ಲಿಕ್ಕೆ ಬರೂದಿಲ್ಲ. ಚರ್ಮದ ಒಂದು ರೋಗ ಇನ್ನೊಂದರ ಹಾಗೆ ಕಾಣ್ತದೆ. ಕುಷ್ಠವೇ ಆದ್ರೂ ಔಷಧ ಇದೆ, ಹೆದರ್ಬೇಡ. ನಾಳೆ ಆಸ್ಪತ್ರೆಗೆ ಬಾ."

ಆಸ್ಪತ್ರೆಯಲ್ಲಿ ಡಾಕ್ಟರು ನೋವಾಗದಂತೆ ಸೂಜಿ ಕೊಟ್ಟು, ಕಲೆಯಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಎದೆಯ ಎಕ್ಸ್‌ರೇ ತೆಗೆಸಿದರು. ಮೂರು ವಾರದ ಮೇಲೆ ಉತ್ತರ ಬಂತು: ಚರ್ಮದ ಕ್ಷಯ.

ಜೊತೆಗೆ ಬಂದಿದ್ದ ತಮ್ಮ ಸುಬ್ಬ ನಂಬಲಿಲ್ಲ. "ಟೀಬಿ ಅಂದ್ರೆ ಕೆಮ್ಮು ಅಲ್ದ ಡಾಕ್ಟ್ರೇ? ಅಕ್ಕಂಗೆ ಒಂದಿನ ಕೆಮ್ಮಿಲ್ಲ!"

"ಕ್ಷಯದ ಕ್ರಿಮಿ ಚರ್ಮದಲ್ಲೂ ಕೂರ್ತದೆ, ಮಾರಾಯ. ಇವಳ ಎದೆ ಚೊಕ್ಕ ಇದೆ, ಹಾಗಾಗಿ ಇನ್ನೊಬ್ಬರಿಗೆ ಹರಡೋದಿಲ್ಲ. ಒಟ್ಟಿಗೆ ಕೂತು ಉಣ್ಣಿ, ಏನೂ ಆಗೋದಿಲ್ಲ. ಮಾತ್ರೆ ಮಾತ್ರ ಒಂದು ದಿನವೂ ತಪ್ಪಬಾರದು."

ಸುದ್ದಿ ಕೇಳಿದ ತಿಮ್ಮಿ ಅಂದು ನಾಗುವಿನ ಪಕ್ಕದಲ್ಲೇ ಊಟಕ್ಕೆ ಕೂತಳು. "ತಪ್ಪಾಯ್ತು ಅತ್ಗೆ" ಎನ್ನುವಾಗ ಅವಳ ಕಣ್ಣಲ್ಲಿ ನೀರು.

"ಅಳೂದು ಆಮೇಲೆ. ಮೊದ್ಲು ಸಾರು ಹಾಕು," ಎಂದು ನಾಗು ನಕ್ಕಳು.

ಮಾತ್ರೆ ಶುರುವಾದ ಮೂರನೇ ತಿಂಗಳಿಗೆ ಕಲೆ ಮಾಸಿತು. "ಇನ್ನೆಂತಕ್ಕೆ ಮಾತ್ರೆ?" ಎಂದು ಅವಳು ಕೇಳಿದಾಗ ಪರಮೇಶ್ವರಿಬಾಯಿ ಗದರಿದರು: "ಮೇಲೆ ಮಾಸಿದ್ರೂ ಒಳಗೆ ಕ್ರಿಮಿ ಇರ್ತದೆ. ಡಾಕ್ಟರು ಸಾಕು ಹೇಳುವ ತನಕ ನುಂಗು." ನಾಗು ಹಾಗೆಯೇ ಮಾಡಿದಳು. ಕೊನೆಗೆ ಉಳಿದದ್ದು ತೆಳುವಾದ ಬಿಳಿ ಗುರುತೊಂದೇ.

ಈಚೆಗೆ ಈರಮ್ಮ ಎಂಬ ಗಿರಾಕಿ ತನ್ನ ಪಾದದ ಮೇಲಿನ ಹಳೆಯ ಗಂಟು ತೋರಿಸಿ, "ನಿಂಗೆ ಯಾವ ಮಾತ್ರೆ ಕೊಟ್ಟಿದ್ರು?" ಎಂದು ಕೇಳಿದಳು.

"ನನ್ನ ಮಾತ್ರೆ ನಿಮ್ಗಲ್ಲ. ಪರೀಕ್ಷೆ ಆಗ್ಲಿ. ನಾಳೆ ಒಟ್ಟಿಗೆ ಹೋಗ್ವ," ಎಂದಳು ನಾಗು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ತಿಂಗಳುಗಟ್ಟಲೆ ಮಾಯದ ಕಲೆ, ಗಂಟು, ಹುಣ್ಣು ಯಾರಿಗಾದರೂ ಇದ್ದರೆ ಮುಚ್ಚಿಡಬೇಡಿ, ನೀವೇ ಹೆಸರಿಟ್ಟು ದೂರ ಮಾಡಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಪರೀಕ್ಷೆ ಮಾಡಿಸಿ. ರೋಗ ಯಾವುದೆಂದು ತಿಳಿದರೆ ಅದಕ್ಕೆ ತಕ್ಕ ಔಷಧ ಸಿಗುತ್ತದೆ.