ಅರವತ್ತು ವ್ಯಾಟಿನ ಬಲ್ಬಿಗೆ ಎಂಟುನೂರ ಹದಿನಾಲ್ಕು

ಎಲ್ಲಿಂದ ಶುರು ಮಾಡಲಿ? ಬಲ್ಬಿನಿಂದ ಶುರು ಮಾಡಿದರೆ ನೀವು ವಿಜ್ಞಾನದ ಪಾಠ ಅಂದುಕೊಂಡು ಪುಟ ಮಗುಚುತ್ತೀರಿ. ವೈರಿಂಗಮ್ಮನ ಕಣ್ಣೀರಿನಿಂದ ಶುರು ಮಾಡೋಣವೆಂದರೆ ಆಕೆ ಅಳುವ ಪೈಕಿಯೇ ಅಲ್ಲ. (ಎರಡು ಕರಡುಗಳಲ್ಲಿ ಪ್ರಯತ್ನಪಟ್ಟೆ. ಎರಡರಲ್ಲೂ ಮೂಗಿಗೆ ಧೂಳು ಹೋಯಿತೆಂದು ಸೀನಿ ಸುಮ್ಮನಾದಳು.)

೧

ಸರಿ, ಲೈಸೆನ್ಸು ಪರೀಕ್ಷೆಯ ಕೋಣೆಯಿಂದಲೇ. ಒಂದು ಉದ್ದನೆ ಮೇಜು. ಅದರ ಮೇಲೆ ಹೋಲ್ಡರಿಗೆ ಹಾಕಿದ ಹಳೇ ಕಾಲದ ತಂತಿ ಬಲ್ಬು, ಪಕ್ಕದಲ್ಲಿ ಮೀಟರು. ಆಚೆ ಪರೀಕ್ಷಕರು, ಈಚೆ ವೈರಿಂಗಮ್ಮ. ಹದಿನೆಂಟು ವರ್ಷದಿಂದ ಮನೆ, ಅಂಗಡಿ, ಆಸ್ಪತ್ರೆಗಳಿಗೆಲ್ಲ ವೈರು ಎಳೆದವಳು. ಲೈಸೆನ್ಸು ಇಲ್ಲದ್ದರಿಂದ ಪ್ರತಿ ಕೆಲಸದ ಕಾಗದಕ್ಕೂ ಸಹಿ ಹಾಕುವವನು ಅವಳ ಅಣ್ಣ. ಏಣಿಯ ಎರಡನೇ ಮೆಟ್ಟಿಲು ಹತ್ತಿದರೆ ಅವನಿಗೆ ತಲೆ ಸುತ್ತುತ್ತದೆ. ಆದರೂ ಊರೆಲ್ಲ ಹೊಗಳುವುದು ಅವನ ಕೈಚಳಕವನ್ನೇ. ಇವತ್ತು ಪಾಸಾದರೆ ಇನ್ನು ಮುಂದೆ ಸಹಿ ಅವಳದು. ಎರಡು ಸಲ ಫೇಲಾಗಿದ್ದಾಳೆ, ಇದು ಮೂರನೆಯದು, ಇದಾದ ಮೇಲೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. (ನಿಯಮ ನನ್ನದೇ. ಕಥೆಗೊಂದು ಬಿಗಿ ಬೇಡವೇ?)

೨

ಪ್ರಶ್ನೆ: ವೋಲ್ಟೇಜ್ 230. ಈ ಬಲ್ಬಿನ ರೆಸಿಸ್ಟೆನ್ಸ್ ಮತ್ತು ಪವರ್ ಕಂಡುಹಿಡಿಯಿರಿ.

ಉತ್ತರ ನನಗೂ ಬೇಕಿತ್ತು. ಮನೆಯಲ್ಲಿ ಬಿದ್ದಿದ್ದ ಅಂಥದ್ದೇ ಒಂದು ಬಲ್ಬಿಗೆ ಮೀಟರು ಮುಟ್ಟಿಸಿದೆ. 65 ಓಮ್. 230ನ್ನು 230ರಿಂದ ಗುಣಿಸಿ 65ರಿಂದ ಭಾಗಿಸಿದೆ. 814 ವ್ಯಾಟ್! ಸರಿಯುತ್ತರದ ಹಾಳೆಯಲ್ಲಿ ಬರೆದು ಪರೀಕ್ಷಕರ ಕೈಗಿಟ್ಟು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

"ಸರ್, ಬಲ್ಬ್ ಹಚ್ಚಿ ಕರೆಂಟ್ ಅಳೀಬೇಕು," ಎಂದಳು ವೈರಿಂಗಮ್ಮ.

"ಯಾಕಮ್ಮಾ ಇಲ್ಲದ ತಾಪತ್ರಯ? ಹಾಗೇ ಮೀಟರ್ ಮುಟ್ಟಿಸಿ, ಲೆಕ್ಕ ಹಾಕಿ, 814 ಬರೀರಿ. ಇಲ್ಲೇ ಇದೆ ಉತ್ತರ," ಎಂದರು ಪರೀಕ್ಷಕರು.

(ಉತ್ತರ ಬಾಯಿಬಿಡಿ ಎಂದು ಇವರಿಗೆ ಹೇಳಿದವರು ಯಾರು? ನನ್ನ ಪಾತ್ರಗಳಲ್ಲಿ ಒಂದಾದರೂ ಹೇಳಿದ ಮಾತು ಕೇಳುತ್ತದೆಯೇ!)

"814 ವ್ಯಾಟಾ? ಇದೇನು ಬಲ್ಬಾ, ಇಸ್ತ್ರಿಪೆಟ್ಟಿಗೆನಾ?" ಬಲ್ಬನ್ನು ತಿರುಗಿಸಿದಳು. ಗಾಜಿನ ಮೇಲೆ 60 ಎಂದು ಅಚ್ಚಾಗಿತ್ತು. ಆಮೇಲೆ ನೇರವಾಗಿ ನನ್ನತ್ತ ತಿರುಗಿದಳು. "ಕಥೆಗಾರ್ರೇ, ಈ ಲೆಕ್ಕ ನಿಮ್ದಲ್ವಾ?"

"ಹೂಂ."

"ಬಲ್ಬ್ ತಣ್ಣಗಿದ್ದಾಗ ಅಳೆದ್ರಾ?"

"ಮತ್ತೆ? ಉರಿಯೋ ಬಲ್ಬಿಗೆ ಮೀಟರ್ ಹಿಡಿಯೋಕಾಗುತ್ತಾ?"

"ಅಯ್ಯೋ ರಾಮ! ಉರಿಯೋವಾಗ ಒಳಗಿನ ತಂತಿ ಕೆಂಡದ ಹಾಗೆ ಕಾಯುತ್ತೆ ಕಣ್ರೀ. ರೆಸಿಸ್ಟೆನ್ಸು ಹದಿಮೂರು ಪಟ್ಟು ಮೀರಿ ಏರುತ್ತೆ. ಉರಿಯೋವಾಗಿನ ವೋಲ್ಟೇಜು, ಉರಿಯೋವಾಗಿನ ಕರೆಂಟು, ಇವೆರಡೇ ಬೇಕಾಗಿರೋದು. ಭಾಗಿಸಿದ್ರೆ ರೆಸಿಸ್ಟೆನ್ಸು, ಗುಣಿಸಿದ್ರೆ ಪವರ್ರು. ಇಷ್ಟಕ್ಕೆ ಇಷ್ಟು ಒದ್ದಾಡಿದ್ರಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಓದುಗರೆದುರು ಮರ್ಯಾದೆ ಹರಾಜಾಯಿತು ಎಂಬುದು ಒಂದು. ಅವಳ ಮಾತು ಸರಿ ಎಂಬುದು ಇನ್ನೊಂದು.

೩

ಹೋಗಲಿ, ಅಂತ್ಯಗಳನ್ನಾದರೂ ನೋಡೋಣ.

ಅಂತ್ಯ ಒಂದು: ಅವಳು 814 ಎಂದು ಬರೆದಳು, ಪಾಸಾದಳು. ("ಹೀಗೆ ಸುಳ್ಳು ಲೆಕ್ಕ ಬರೆಯೋಳ ಕೈಲಿ ನಿಮ್ಮನೆ ವೈರಿಂಗ್ ಮಾಡಿಸ್ತೀರಾ?" ಎಂದು ಆ ವಾಕ್ಯಕ್ಕೆ ತಾನೇ ಗೀಟು ಎಳೆದಳು.)

ಅಂತ್ಯ ಎರಡು: ಅವಳು 60 ಎಂದು ಬರೆದಳು, ಫೇಲಾದಳು, ಸತ್ಯ ಗೆದ್ದಿತು. ("ಸತ್ಯ ಗೆದ್ರೆ ನಾನ್ಯಾಕ್ರೀ ಸೋಲ್ಬೇಕು?")

ಅಂತ್ಯ ಮೂರು: ಹಾಳೆ ನನ್ನದೇ ತಾನೆ, ನಾನೇ ತಿದ್ದುತ್ತೇನೆ. 814 ಹೊಡೆದುಹಾಕಿ 60 ಬರೆದರೆ ಮುಗಿಯಿತು. ಇದಕ್ಕಾದರೂ ಒಪ್ಪುತ್ತಾಳೆ ಅಂದುಕೊಂಡೆ.

"ಬೇಡ."

"ಯಾಕಮ್ಮಾ ತಾಯಿ?" ಕೈಮುಗಿದೆ.

"ಹದಿನೆಂಟು ವರ್ಷ ಅಣ್ಣನ ಸಹಿ ಹಿಂದೆ ನಿಂತು ಕೆಲ್ಸ ಮಾಡ್ದೆ. ಈಗ ನೀವು ದಾಟಿಸಿದ್ರೆ ಅದು ನನ್ ಪಾಸಾ? ಅಣ್ಣನ ಜಾಗಕ್ಕೆ ನೀವು ಬಂದ ಹಾಗಾಯ್ತು, ಅಷ್ಟೆ. ತಪ್ಪು ಉತ್ತರ ಅಲ್ಲೇ ಇರ್ಲಿ. ಸರ್‌ನ ನಾನು ಒಪ್ಪಿಸ್ತೀನಿ."

"ಅವರು ಒಪ್ಪದಿದ್ರೆ?"

"ಫೇಲಾಗ್ತೀನಿ. ನಾನೇ ಫೇಲಾಗ್ತೀನಿ. ನೀವು ಸ್ವಲ್ಪ ಹೊರಗೆ ಹೋಗಿ."

ತನ್ನ ಚೀಲದಿಂದ ಕರೆಂಟು ಅಳೆಯುವ ಮೀಟರು ತೆಗೆದು ಜೋಡಿಸಿ ಸ್ವಿಚ್ ಒತ್ತಿದಳು. 0.26 ಆಂಪಿಯರ್. ಭಾಗಿಸಿದಳು, 885 ಓಮ್. ಗುಣಿಸಿದಳು, 59.8 ವ್ಯಾಟ್. ಪರೀಕ್ಷಕರು ಕನ್ನಡಕ ತೆಗೆದು ಮೀಟರಿನತ್ತ ಬಗ್ಗಿದರು, ಹಾಳೆ ನೋಡಿದರು, ಮತ್ತೆ ಮೀಟರು ನೋಡಿದರು. "ಆದ್ರೆ ಇಲ್ಲಿ ಬೇರೆ ಬರ್ದಿದ್ಯಲ್ಲಮ್ಮಾ..." ಎಂದರು. ಅಷ್ಟರಲ್ಲಿ ವೈರಿಂಗಮ್ಮ ನನ್ನನ್ನು ಹೊರಗೆ ದಬ್ಬಿ, ಮುಖದ ಮೇಲೆ ಬಾಗಿಲು ಹಾಕಿಕೊಂಡಳು.

೪

ಈಗ ನಾನು ಕಾರಿಡಾರಿನಲ್ಲಿ ನಿಂತಿದ್ದೇನೆ, ನನ್ನದೇ ಕಥೆಯ ಹೊರಗೆ. ಒಳಗೆ ಅವಳ ದನಿ ಏರುತ್ತಿದೆ, ಪರೀಕ್ಷಕರ ದನಿ ಇಳಿಯುತ್ತಿದೆ, ಒಮ್ಮೆ ಅದಲುಬದಲಾಗುತ್ತದೆ. ಒಂದೇ ಒಂದು ವಾಕ್ಯ ಬರೆದರೆ ಸಾಕು, ಪಾಸಾಗಿ ನಗುತ್ತಾ ಹೊರಗೆ ಬರುತ್ತಾಳೆ. ನೀವೂ ಬರಿ, ಬರಿ ಎಂದು ಪ್ರಾಣ ತಿನ್ನುತ್ತಿದ್ದೀರಿ.

ಬರೆಯುವುದಿಲ್ಲ, ಹೋಗ್ರೀ. ಕಿಟಕಿಯಲ್ಲಿ ಇಣುಕಬೇಡಿ, ಅವಳು ಮಾತಾಡುತ್ತಿದ್ದಾಳೆ.