ಎರವಲು ಮಿಡಿತ

ಸ್ಕೀ ಕ್ಲಬ್ಬಿನ ಗೋಡೆಗೆ ಪ್ರತಿ ನವೆಂಬರಿನಲ್ಲೂ ಚಳಿಗಾಲದ ಸ್ಪರ್ಧೆಯ ಕೆಲಸಗಳ ಒಂದು ಹಾಳೆ ಅಂಟಿಸುತ್ತಾರೆ. ಜಾಡು ಹದ ಮಾಡುವವರು, ನಂಬರ್ ಬಟ್ಟೆ ಹಂಚುವವರು, ವಾಫಲ್ ಸುಡುವವರು, ಗಡಿಯಾರ ನೋಡುವವರು, ಹೀಗೆ ಸಾಲುಗಳು. ಸಂಬಳವಿಲ್ಲದ ಈ ಕೂಡುಕೆಲಸಕ್ಕೆ ಟ್ರೊಂಡ್‌ಹೈಮ್‌ನಲ್ಲಿ ದುಗ್ನಾಡ್ ಎನ್ನುತ್ತಾರೆ; ಹೆಸರು ಬರೆದವರು ನೆಗಡಿಯಾದರೂ ಬರುತ್ತಾರೆ. ಟೂರುನ್‌ಳ ಹೆಸರು ಹನ್ನೊಂದು ವರ್ಷದಿಂದ ವಾಫಲ್ ಸಾಲಿನಲ್ಲಿತ್ತು. ಅದು ಅವಳು ಬರೆದದ್ದಲ್ಲ. ಯಾರೋ ಒಮ್ಮೆ ಬರೆದರು, ಮುಂದಿನವರು ಹಳೆಯ ಹಾಳೆ ನೋಡಿ ನಕಲು ಮಾಡುತ್ತ ಬಂದರು.

ಈ ಸಲ ಅವಳೇ ಎಲ್ಲರಿಗಿಂತ ಮೊದಲು ಹೋಗಿ ಗಡಿಯಾರದ ಸಾಲಿನಲ್ಲಿ ತನ್ನ ಹೆಸರು ಬರೆದಳು.

ಆ ಸಾಲು ಒಡ್ವಾರನದು. ಅರವತ್ತೊಂಬತ್ತರ ಒಡ್ವಾರ್ ಇಪ್ಪತ್ತೆರಡು ಚಳಿಗಾಲ ಸ್ಟಾಪ್‌ವಾಚ್ ಹಿಡಿದು ಸ್ಟಾರ್ಟ್ ಗೆರೆಯ ಪಕ್ಕ ನಿಂತವನು. ಅರ್ಧ ನಿಮಿಷಕ್ಕೊಬ್ಬರಂತೆ, ಐದರಿಂದ ಒಂದರವರೆಗೆ ಕೂಗಿ, ಸ್ಪರ್ಧಿಗಳನ್ನು ಬಿಡುತ್ತಿದ್ದ.

"ಏನಮ್ಮ ಇದು, ನನ್ನ ಕೆಲಸಕ್ಕೇ ಕೈ ಹಾಕಿದೀಯ?" ಎಂದ.

"ನಿಮ್ಮ ಗಂಟಲಿಗೆ ರಜ ಕೊಡ್ತಿದೀನಿ. ಒಂದು ಗಡಿಯಾರ ಮಾಡ್ತೀನಿ. ಅದೇ ಎಣಿಸುತ್ತೆ, ಅದೇ ಕೂಗುತ್ತೆ."

"ಮಾಡು ಮಾರಾಯ್ತಿ. ಆದ್ರೆ ಅದು ಕೂಗ್ಲಿಲ್ಲ ಅಂದ್ರೆ ಗಡಿಯಾರಕ್ಕೆ ನಾನು, ವಾಫಲ್ ಸುಡೋಕೆ ನೀನು. ಶಾಶ್ವತವಾಗಿ. ಒಪ್ಪಿಗೇನಾ?"

"ಒಪ್ಪಿಗೆ," ಎಂದುಬಿಟ್ಟಳು ಟೂರುನ್.

ನಗರದ ನೀರು ಪರೀಕ್ಷಾಲಯದಲ್ಲಿ ಕೆಲಸ ಮಾಡುವ ಅವಳಿಗೆ ಅಳತೆ ಎಂದರೆ ಪ್ರೀತಿ. ಗಡಿಯಾರದ ಮಿದುಳು ಒಂದು ಪುಟ್ಟ ಚಿಪ್. ಅದರೊಳಗೆ ಪ್ರೋಗ್ರಾಂ ತುಂಬಲು, ಒಂದು ಕಡೆ ಕಂಪ್ಯೂಟರಿನ ಯುಎಸ್‌ಬಿಗೆ, ಇನ್ನೊಂದು ಕಡೆ ಚಿಪ್‌ಗೆ ಜೋಡಿಸುವ ಪ್ರೋಗ್ರಾಮರ್ ಎಂಬ ಸಾಧನ ಬೇಕು. ಅದನ್ನೂ ತಾನೇ ಕಟ್ಟಲು ಅವಳು ಬಿಡಿಭಾಗಗಳನ್ನು ತರಿಸಿದಳು.

"ಸಿದ್ಧವಾಗಿರೋದು ತಗೊಂಡ್ರೆ ಆಗಲ್ವಾ?" ಎಂದು ಗಂಡ ಆಸ್ಲಾಕ್ ಕೇಳಿದ. "ಕಪ್ಪು ಪ್ಲಾಸ್ಟಿಕ್ ಡಬ್ಬಿ, ನೀಟಾಗಿ ಅಂಟಿಸಿರ್ತಾರೆ. ಒಳಗೇನಿದೆ ಅಂತ ತಲೆ ಕೆಡಿಸ್ಕೊಳ್ಳೋದೇ ಬೇಡ."

"ಅದಕ್ಕೇ ಬೇಡ. ನಂಗೆ ತಲೆ ಕೆಡಿಸ್ಕೋಬೇಕು."

ಅಡುಗೆಮನೆಯ ಮೇಜಿನ ಮೇಲೆ ಮೂರು ಸಂಜೆ ಬೆಸುಗೆಯ ಹೊಗೆ ಎದ್ದಿತು. ಬಿಡಿಭಾಗಗಳ ಒಂದೊಂದು ಲೋಹದ ಕಾಲನ್ನೂ ಭೂತಗನ್ನಡಿಯಲ್ಲಿ ನೋಡಿ, ಮೀಟರ್ ಹಿಡಿದು ಪರೀಕ್ಷಿಸಿ, ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡಳು. ಪ್ರೋಗ್ರಾಮರಿನ ಬೆಂಕಿಪೊಟ್ಟಣದಷ್ಟು ದೊಡ್ಡ ಹಸಿರು ಹಲಗೆಯಲ್ಲಿ ಕೆಂಪು ದೀಪ ಹೊತ್ತಿಕೊಂಡಾಗ ಆಸ್ಲಾಕ್‌ನನ್ನು ಎಳೆದುಕೊಂಡು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದಳು.

ಅನಾಹುತವಾದದ್ದು ಸ್ಪರ್ಧೆಯ ಹಿಂದಿನ ದಿನ, ಶನಿವಾರ ಬೆಳಿಗ್ಗೆ. ಗಡಿಯಾರದ ಚಿಪ್ ಕೆಲಸ ಮಾಡಲು ಎದೆಬಡಿತದಂಥ ಒಂದು ಮಿಡಿತ ಬೇಕು. ಅದರೊಳಗೇ ಒಂದು ಮಿಡಿತವಿದೆ, ಆದರೆ ಚಳಿಯಲ್ಲಿ ಏರುಪೇರಾಗುತ್ತದೆ. ಅದಕ್ಕಾಗಿ ಟೂರುನ್ ಪಕ್ಕದಲ್ಲಿ, ಚಳಿಯಲ್ಲೂ ಸಮನಾಗಿ ಮಿಡಿಯುವ ಕ್ವಾರ್ಟ್ಸ್ ಹರಳೊಂದನ್ನು ಕೂರಿಸಿದ್ದಳು. ಇನ್ನು ಹರಳಿನ ಮಿಡಿತವನ್ನೇ ಬಳಸು ಎಂದು ಚಿಪ್‌ಗೆ ನಾಲ್ಕು ಅಂಕಿಗಳಲ್ಲಿ ಹೇಳಬೇಕಿತ್ತು. ಕೈಪಿಡಿಯ ಪ್ರಕಾರ ನಾಲ್ಕೂ ಕಡೆ ಸೊನ್ನೆಯಲ್ಲ, ಒಂದು ಇರಬೇಕಿತ್ತು. ಪರದೆಯ ಮೇಲಿನ ನಾಲ್ಕೂ ಚೌಕಗಳಿಗೆ ಗುರುತು ಹಾಕಿ ಗುಂಡಿ ಒತ್ತಿದಳು.

ಆಮೇಲೆ ಚಿಪ್ ಯಾವುದಕ್ಕೂ ಉತ್ತರ ಕೊಡಲಿಲ್ಲ.

ಕೈಪಿಡಿಯನ್ನು ಮತ್ತೆ ಓದಿದಾಗ ಕಿವಿ ಬಿಸಿಯಾಯಿತು. ಈ ಚಿಪ್‌ಗಳ ಲೋಕದಲ್ಲಿ ಗುರುತು ಹಾಕಿದರೆ ಸೊನ್ನೆ, ಖಾಲಿ ಬಿಟ್ಟರೆ ಒಂದು. ಅವಳು ಬರೆದದ್ದು ನಾಲ್ಕು ಸೊನ್ನೆ. ಅದರ ಅರ್ಥ: ಹರಳನ್ನು ಮರೆತುಬಿಡು, ಮಿಡಿತ ಹೊರಗಿನಿಂದ ಬರುತ್ತದೆ, ಬರುವವರೆಗೆ ಕಾಯುತ್ತಿರು. ಚಿಪ್ ವಿಧೇಯವಾಗಿ ಕಾಯುತ್ತಿತ್ತು. ತಪ್ಪನ್ನು ತಿದ್ದಿ ಹೇಳೋಣವೆಂದರೂ, ಮಿಡಿತವಿಲ್ಲದೆ ಅದಕ್ಕೆ ಏನೂ ಕೇಳಿಸುವುದಿಲ್ಲ. ಇನ್ನೊಂದು ಚಿಪ್ ತರಿಸಿದರೆ ಅಂಚೆಯಲ್ಲಿ ಬರುವುದು ಮಂಗಳವಾರ.

"ಒಡ್ವಾರ್‌ಗೆ ಫೋನ್ ಮಾಡ್ಲಾ?" ಎಂದ ಆಸ್ಲಾಕ್, ಮೆಲ್ಲಗೆ.

"ಬಾಯ್ಮುಚ್ಚಿ ಕಾಫಿ ಕೊಡು."

ಕಾಫಿ ಕುಡಿಯುತ್ತ ಅವಳು ಮೇಜಿನ ಮೇಲಿದ್ದುದನ್ನೆಲ್ಲ ಒಂದೊಂದಾಗಿ ನೋಡಿದಳು. ಚಿಪ್ ಸತ್ತಿಲ್ಲ. ಯಾರಾದರೂ ಹೊರಗಿನಿಂದ ಮಿಡಿತ ಕೊಟ್ಟರೆ ಸಾಕು. ಮಿಡಿತ ಎಲ್ಲಿದೆ? ಕಣ್ಣು ಪ್ರೋಗ್ರಾಮರಿನ ಮೇಲೆ ನಿಂತಿತು. ಅದರಲ್ಲೂ ಒಂದು ಚಿಪ್ ಇದೆ, ಅದಕ್ಕೂ ಒಂದು ಹರಳಿದೆ. ಆ ಹರಳಿನ ಎರಡೂ ಕಾಲುಗಳನ್ನು ಬೆಸೆದದ್ದು ತಾನೇ.

"ಆಸ್ಲಾಕ್, ಆ ತೆಳು ತಂತಿ ಕೊಡು. ನಿನ್ನ ಕಪ್ಪು ಡಬ್ಬಿ ತಗೊಂಡಿದ್ರೆ ಈಗ ಸುತ್ತಿಗೆ ಹುಡುಕ್ಬೇಕಾಗಿತ್ತು."

ಪ್ರೋಗ್ರಾಮರಿನ ಹರಳಿನ ಒಂದು ಕಾಲಿನಿಂದ ಮೂಕ ಚಿಪ್‌ನ ಕಾಲಿಗೆ ತಂತಿ ಎಳೆದಳು. ಗುಂಡಿ ಒತ್ತಿದಳು. ಪರದೆಯ ಮೇಲೆ ಚಿಪ್‌ನ ಹೆಸರು ಮೂಡಿತು. ನಾಲ್ಕು ಚೌಕಗಳನ್ನೂ ಖಾಲಿ ಮಾಡಿ ಬರೆದು, ತಂತಿ ಕಿತ್ತಳು. ಈಗ ಚಿಪ್ ತನ್ನದೇ ಹರಳಿನ ಮಿಡಿತಕ್ಕೆ ನಡೆಯುತ್ತಿತ್ತು. ಪ್ರೋಗ್ರಾಂ ತುಂಬಿದ್ದೇ ತಡ, ಗಡಿಯಾರ ಐದು ಸಲ ಕೂಗಿತು. ಆಸ್ಲಾಕ್‌ನ ಕೂಗು ಅದಕ್ಕಿಂತ ಜೋರಾಗಿತ್ತು.

ಭಾನುವಾರ ಮೈನಸ್ ಹನ್ನೆರಡು. ಗೂಟಕ್ಕೆ ಕಟ್ಟಿದ ಗಡಿಯಾರ ನಾಲ್ಕು ಗಿಡ್ಡ ಸದ್ದು, ಒಂದು ಉದ್ದ ಸದ್ದು ಮಾಡಿ ಮೊದಲ ಸ್ಪರ್ಧಿಯನ್ನು ಬಿಟ್ಟಿತು. ಎರಡನೆಯವಳು, ಮೂರನೆಯವನು, ಯಾರಿಗೂ ತಡವಾಗಲಿಲ್ಲ. ಒಡ್ವಾರ್ ಪಕ್ಕದಲ್ಲೇ ನಿಂತಿದ್ದ. ಪ್ರತಿ ಸದ್ದಿಗೂ ಅವನ ತುಟಿ ಅಲುಗುತ್ತಿತ್ತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿ ತೆಗೆದು ಮಾಡುತ್ತಿದ್ದ.

"ಸರಿಯಾಗೇ ಕೂಗುತ್ತಲ್ಲೇ ಇದು," ಎಂದ ಕೊನೆಗೆ. "ನನಗಿಂತ ಚೆನ್ನಾಗಿ. ಕೆಮ್ಮೂ ಇಲ್ಲ."

"ಈಗ ನೀವೇನು ಮಾಡ್ತೀರಿ?"

"ನಾನೇನು ಮಾಡ್ಲಿ? ವಾಫಲ್ ತಿಂತೀನಿ."

"ಸ್ಕೀ ತಂದಿಲ್ವಾ?"

ಒಡ್ವಾರ್ ಮರಗಳ ಕಡೆ ನೋಡಿದ. "ಕಾರಲ್ಲಿದೆ."

"ಯಾಕೆ ತಂದ್ರಿ?"

"ಸುಮ್ನೆ."

"ಸುಮ್ನೆ! ಇಪ್ಪತ್ತೆರಡು ವರ್ಷದಿಂದ ಸುಮ್ನೆ ತರ್ತಿದೀರಾ?"

"ಯಾರಾದ್ರೂ ಇಲ್ಲಿ ನಿಲ್ಬೇಕಿತ್ತಲ್ಲ ಮಾರಾಯ್ತಿ!"

ಟೂರುನ್ ಉಳಿದ ನಂಬರ್ ಬಟ್ಟೆಗಳಲ್ಲಿ ಎಂಬತ್ನಾಲ್ಕನ್ನು ಎಳೆದು ಅವನ ಕೊರಳಿಗೆ ಹಾಕಿದಳು. ಅರವತ್ತೊಂಬತ್ತರ ಮನುಷ್ಯ ಕಾರಿನ ಕಡೆಗೆ ಓಡಿದ್ದನ್ನು ನೋಡಿ ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಕೊನೆಯವನಾಗಿ ಅವನು ಗೆರೆಗೆ ಬಂದು ಮೊಣಕಾಲು ಬಗ್ಗಿಸಿ ನಿಂತ. ಗಡಿಯಾರ ಒಂದು ಕೂಗಿತು, ಎರಡು ಕೂಗಿತು, ಮೂರು ಕೂಗಿತು. ಅಷ್ಟರಲ್ಲಿ ಒಡ್ವಾರ್ ಹೊರಟೇಬಿಟ್ಟ.

"ಕಳ್ಳ ಸ್ಟಾರ್ಟ್! ವಾಪಸ್ ಬನ್ನಿ!" ಎಂದು ಟೂರುನ್ ನಗುತ್ತ ಕಿರುಚಿದಳು.

ಅವನು ತಿರುಗಲಿಲ್ಲ, ಒಂದು ಕೋಲೆತ್ತಿ ಬೀಸಿ ಫರ್ ಮರಗಳ ನಡುವೆ ಮರೆಯಾದ. ಟೂರುನ್ ಕೈಗವಸು ಕಚ್ಚಿ ತೆಗೆದು, ಎಂಬತ್ನಾಲ್ಕರ ಮುಂದೆ ಪೆನ್ಸಿಲ್ಲಿನಲ್ಲಿ ಬರೆದಳು: ಎರಡು ಸೆಕೆಂಡ್ ದಂಡ.