ಬುಗುರಿ ನಿಲ್ಲಬಾರದು

ನಡೆಯಲು ಕಲಿತ ಮೇಲೆ ಆ ಹುಡುಗಿ ನಡೆದದ್ದನ್ನು ಯಾರೂ ನೋಡಿರಲಿಲ್ಲ. ಓಡುತ್ತಿದ್ದಳು, ಇಲ್ಲವೇ ಹಾರುತ್ತಿದ್ದಳು, ಅದೂ ಬೇಸರವಾದರೆ ನಿಂತಲ್ಲೇ ಗಿರಗಿರನೆ ತಿರುಗುತ್ತಿದ್ದಳು. ಹಾಗಾಗಿ ಮನೆಯಲ್ಲಿ ಅವಳಿಗೆ ಬುಗುರಿ ಎಂದೇ ಹೆಸರು ಬಿದ್ದಿತ್ತು. ನಾಲ್ಕು ವರ್ಷದ ಈ ಬುಗುರಿಯನ್ನು ಇಡೀ ಹಗಲು ನೋಡಿಕೊಳ್ಳುವ ಕೆಲಸ ಈಗ ಒಂಟಿಗಾಲಿನ ಅಪ್ಪನ ಪಾಲಿಗೆ ಬಂದಿತ್ತು.

ಅಪ್ಪ ಮನೆಗಳಿಗೆ ಬಣ್ಣ ಹಚ್ಚುವವನು. ಯಾರದೋ ಮನೆಯ ಗೋಡೆ ಉಜ್ಜುತ್ತಿದ್ದಾಗ ಏಣಿ ಜಾರಿ ಬಿದ್ದು, ಬಲಗಾಲಿಗೆ ತೊಡೆಯವರೆಗೂ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ. ಅಮ್ಮ ದೊಡ್ಡ ಅಂಗಡಿಯೊಂದರಲ್ಲಿ ಬಿಲ್ ಹಾಕುವವಳು. ಅವಳು ರಜೆ ಹಾಕುವಂತಿರಲಿಲ್ಲ. ಅಮ್ಮನ ಅಕ್ಕ ಫೋನ್ ಮಾಡಿ, "ಮಗೂನ ನಮ್ಮನೆಗೆ ಕಳ್ಸಿಬಿಡೇ. ತನ್ನನ್ನೇ ತಾನು ನೋಡ್ಕೊಳ್ಳೋಕೆ ಆಗದವನು ಆ ಮಗೂನ ಏನು ನೋಡ್ಕೋತಾನೆ?" ಎಂದಿದ್ದಳು. ಪಕ್ಕದಲ್ಲೇ ಕೂತಿದ್ದ ಅಪ್ಪನಿಗೆ ಅದು ಚೆನ್ನಾಗಿಯೇ ಕೇಳಿಸಿತ್ತು. "ಮುರಿದಿರೋದು ಕಾಲು, ಬಾಯಲ್ಲ. ನನ್ನ ಮಗಳನ್ನ ನಾನೇ ನೋಡ್ಕೋತೀನಿ" ಎಂದು ಅವನೂ ಫೋನಿಗೆ ಕೇಳುವ ಹಾಗೆಯೇ ಹೇಳಿದ್ದ.

ಹೇಳಿದ ಮೇಲೆ ಮಾಡಿ ತೋರಿಸಬೇಕಲ್ಲ. ಮೊದಲೆರಡು ದಿನ ಬುಗುರಿ ಅವನಿಗೆ ನೀರು ಕುಡಿಸಿದಳು. ಅಲಮಾರಿ ಹತ್ತಿದಳು, ಹಾಸಿಗೆಯ ಮೇಲಿಂದ ಅವನ ಪ್ಲಾಸ್ಟರಿನ ಮೇಲೆಯೇ ಧುಮುಕಿದಳು. ಬೈದರೆ ಕಿಲಕಿಲ ನಗುತ್ತಾ ಇನ್ನಷ್ಟು ದೂರ ಓಡುವ ಜಾತಿ ಅವಳದು. ಓಡಿ ಹಿಡಿಯಲು ಅವನಿಗೆ ಕಾಲಿಲ್ಲ. ಕೊನೆಗೆ ಅವನಿಗೆ ಒಂದು ಮಾತು ಹೊಳೆಯಿತು: ಇವಳನ್ನು ನಿಲ್ಲಿಸಲು ಹೋದರೆ ಸೋಲು ಖಂಡಿತ, ಓಡಿಸಿಯೇ ಗೆಲ್ಲಬೇಕು.

ಬಣ್ಣ ಹಚ್ಚುವಾಗ ಅಂಚಿಗೆ ಅಂಟಿಸುವ ಕಾಗದದ ಟೇಪು ಅವನ ಚೀಲದಲ್ಲಿ ಬೇಕಾದಷ್ಟಿತ್ತು. ಕೂತಲ್ಲೇ ತೆವಳಿಕೊಂಡು ಹೋಗಿ ನಡುಮನೆಯ ನೆಲದ ತುಂಬ ಗೆರೆ ಅಂಟಿಸಿದ. ನೇರ ಗೆರೆಯ ಮೇಲೆ ಒಂಟಿಕಾಲಲ್ಲಿ ಹಾರಬೇಕು, ಅಂಕುಡೊಂಕು ಗೆರೆಯ ಮೇಲೆ ಓಡಬೇಕು. ದಿಂಬುಗಳು ನದಿಯ ಬಂಡೆಗಳಾದವು. ಕಾಲು ನೆಲಕ್ಕೆ ತಾಗಿದರೆ ಮೊಸಳೆ ಹಿಡಿಯಿತೆಂದು ಲೆಕ್ಕ. ಹಳೆಯ ಕಾಲುಚೀಲ ಸುತ್ತಿ ಚೆಂಡು ಮಾಡಿ ಬಕೆಟ್ಟಿಗೆ ಎಸೆಯುವುದು, ಏಡಿಯ ಹಾಗೆ ಕೈಕಾಲೂರಿ ಹಿಂದಕ್ಕೆ ನಡೆಯುವುದು, "ಕಲ್ಲು" ಎಂದಾಗ ಇದ್ದ ಹಾಗೆಯೇ ಕಲ್ಲಾಗಿ ನಿಲ್ಲುವುದು. ಖರ್ಚಿಲ್ಲ, ಕಾಸಿಲ್ಲ. ಮಧ್ಯಾಹ್ನದ ಹೊತ್ತಿಗೆ ಬುಗುರಿ ಬೆವರಿ ತೊಪ್ಪೆಯಾಗಿ ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು.

ಆದರೆ ಮೇಲಿನ ಮನೆಯ ನೆಲವೆಂದರೆ ಕೆಳಗಿನ ಮನೆಯ ತಲೆ. ಕೆಳಗಿದ್ದವಳು ಬಟ್ಟೆ ಹೊಲಿಯುವ ಹೆಂಗಸು, ಅರವತ್ತರ ಆಸುಪಾಸಿನವಳು, ಮಂಡಿ ನೋವಿನವಳು. ಇಡೀ ದಿನ ಯಂತ್ರದ ಸದ್ದು ಬರುತ್ತಿದ್ದುದರಿಂದ ಬುಗುರಿ ಅವಳಿಗೆ ಟಕಟಕ ಅಜ್ಜಿ ಎಂದು ಹೆಸರಿಟ್ಟಿದ್ದಳು. ಅಜ್ಜಿಗೆ ಈ ಬುಗುರಿಯ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. "ಏನಪ್ಪಾ, ಮೇಲೆ ಕುದುರೆ ಸಾಕಿದೀಯಾ? ಹೊಲಿಯೋ ಬಟ್ಟೆ ಮೇಲೆಲ್ಲಾ ಸುಣ್ಣ ಉದುರ್ತಿದೆ" ಎಂದು ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದಳು. ಅದು ಸಾಲದೆ ಅಮ್ಮನ ನಂಬರು ಇಸಿದುಕೊಂಡು ಅಂಗಡಿಗೇ ಫೋನ್ ಮಾಡಿ ದೂರು ಹೇಳಿದ್ದಳು.

ಆ ದಿನ ಬುಗುರಿ ಬೆಳಗ್ಗೆಯಿಂದ ಹುರಿದ ಆಲೂಗಡ್ಡೆ ಬೇಕೆಂದು ಒಂದೇ ರಾಗ ಹಾಡುತ್ತಿದ್ದಳು. ಅಪ್ಪ ಊರುಗೋಲನ್ನು ಕಂಕುಳಿಗಿಟ್ಟುಕೊಂಡೇ ಆಲೂಗಡ್ಡೆ ಹೆಚ್ಚಿ, ತೊಳೆದು, ಬಟ್ಟಲಲ್ಲಿಟ್ಟು, ಬಾಣಲೆಗೆ ಎಣ್ಣೆ ಸುರಿದು ಒಲೆ ಹಚ್ಚಿದ. ಎಣ್ಣೆ ಕಾಯುವವರೆಗೆ ಒಂದು ಸುತ್ತು ಚೆಂಡಾಟವಾಗಲಿ ಎಂದು ನಡುಮನೆಗೆ ಬಂದ. ಸೆಕೆಗೆ ಮುಂಬಾಗಿಲು ತೆರೆದೇ ಇತ್ತು. ಬುಗುರಿ ಬೀಸಿ ಎಸೆದ ಕಾಲುಚೀಲದ ಚೆಂಡು ಬಕೆಟ್ಟಿನ ಅಂಚಿಗೆ ಬಡಿದು, ಹೊಸ್ತಿಲು ದಾಟಿ ಕಾರಿಡಾರಿಗೆ ಉರುಳಿತು.

"ನಾನ್ ತರ್ತೀನಿ!"

"ಬೇಡ, ಮೆಟ್ಟಿಲಿದೆ. ನೀನು ಅಲ್ಲೇ ಇರು, ನಾನು ತರ್ತೀನಿ."

ಕುಂಟುತ್ತಾ ಹೊರಗೆ ಬಂದು, ಗೋಡೆಗೆ ಒರಗಿ, ಊರುಗೋಲಿನ ತುದಿಯಿಂದ ಚೆಂಡನ್ನು ಎಳೆದುಕೊಳ್ಳುತ್ತಿದ್ದಾಗ ಗಾಳಿ ಬೀಸಿತು. ಬೆನ್ನ ಹಿಂದೆ ಧಡಾರ್ ಎಂದು ಬಾಗಿಲು ಬಡಿಯಿತು. ಎಳೆದರೆ ತಾನೇ ಬೀಳುವ ಬೀಗ ಕ್ಲಿಕ್ಕೆಂದಿತು.

ಒಂದು ಕ್ಷಣ ಅವನಿಗೆ ನಗು ಬಂತು. ಮರುಕ್ಷಣ ಒಲೆಯ ಮೇಲಿನ ಬಾಣಲೆ ನೆನಪಾಯಿತು.

ಬೀಗದ ಕೈ ಒಳಗೆ. ಫೋನ್ ಒಳಗೆ. ಇನ್ನೊಂದು ಕೀಲಿ ಅಮ್ಮನ ಚೀಲದಲ್ಲಿ. ಒಳಗಿನ ಚಿಲಕ ಬುಗುರಿಯ ಕೈಗೆ ಎಟುಕುವುದಿಲ್ಲ. ಎಟುಕಿದರೂ ಆ ಗಡಸು ಬೀಗವನ್ನು ತಿರುಗಿಸುವಷ್ಟು ಬಲ ಅವಳ ಬೆರಳಿಗಿಲ್ಲ. ಬಾಗಿಲ ಒಂದು ಪಕ್ಕಕ್ಕೆ ನಡುಮನೆಯ ಕಿಟಕಿ, ಇನ್ನೊಂದು ಪಕ್ಕಕ್ಕೆ ಅಡುಗೆಮನೆಯ ಕಿಟಕಿ, ಎರಡಕ್ಕೂ ಕಬ್ಬಿಣದ ಕಂಬಿ. ಅವನು ಅಡುಗೆಮನೆಯ ಕಿಟಕಿಗೆ ಹಾರಿಕೊಂಡು ಹೋಗಿ ಇಣುಕಿದ. ನೀಲಿ ಉರಿ ಭುಸ್ಸೆಂದು ಉರಿಯುತ್ತಿತ್ತು. ಬಾಣಲೆಯ ಹಿಡಿ ಕಟ್ಟೆಯಿಂದ ಹೊರಕ್ಕೆ ಚಾಚಿಕೊಂಡಿತ್ತು. ಹಿಡಿಯನ್ನು ಗೋಡೆ ಕಡೆಗೆ ತಿರುಗಿಸಿಡು ಎಂದು ಅವನ ಹೆಂಡತಿ ಎಷ್ಟು ಸಲ ಹೇಳಿದ್ದಳೋ. ಈಗ ಅದು ಸರಿಯಾಗಿ ಮಗುವಿನ ಹಣೆಯ ಮಟ್ಟಕ್ಕಿತ್ತು.

"ಅಪ್ಪಾ, ಬಾಗಿಲು ತೆಗಿ" ಎಂದು ಒಳಗಿನಿಂದ ಬಡಿಯುತ್ತಿದ್ದಳು ಬುಗುರಿ.

ಅವನು ನಡುಮನೆಯ ಕಿಟಕಿಗೆ ಬಂದ. ಸ್ವರವನ್ನು ಆಟದ ದನಿಗೆ ತಂದುಕೊಂಡ. "ಬುಗುರೀ, ಇದು ಹೊಸಾ ಆಟ! ಅಪ್ಪ ಹೊರಗಿಂದ ಹೇಳ್ತೀನಿ, ನೀನು ಒಳಗೆ ಮಾಡ್ಬೇಕು. ಮೊದಲು ನದಿ ದಾಟು ನೋಡೋಣ!"

ಬುಗುರಿ ನದಿ ದಾಟಿದಳು. ಅಂಕುಡೊಂಕಾಗಿ ಓಡಿದಳು. ನಡುವೆ ಅವನು ಮೆಟ್ಟಿಲ ಕಡೆ ತಿರುಗಿ, "ಯಾರಾದ್ರೂ ಇದೀರಾ?" ಎಂದು ಕೂಗಿದ. ಎದುರು ಮನೆಯವರು, ಪಕ್ಕದ ಮನೆಯವರು ಎಲ್ಲರೂ ಕೆಲಸಕ್ಕೆ ಹೋಗುವವರು, ಬಾಗಿಲುಗಳಿಗೆಲ್ಲ ಬೀಗ. ಕೂಗು ಗೋಡೆಗೆ ಬಡಿದು ಅವನಿಗೇ ಹಿಂತಿರುಗಿತು.

ಅಷ್ಟರಲ್ಲಿ ಬುಗುರಿ ನಿಂತಳು. ಮೂಗು ಅರಳಿಸಿದಳು. "ಅಪ್ಪಾ, ಎಣ್ಣೆ ವಾಸನೆ ಬಂತು. ಆಲೂಗಡ್ಡೆ ನಾನೇ ಹಾಕ್ತೀನಿ!"

"ಬೇಡ! ಬುಗುರಿ!" ಎನ್ನುವಷ್ಟರಲ್ಲಿ ಅವಳು ಅಡುಗೆಮನೆಯ ಕಡೆ ಓಡಿಯಾಗಿತ್ತು.

ಊರುಗೋಲು ಎಲ್ಲಿ ಊರಿದನೋ, ಕಾಲು ಎಲ್ಲಿ ಇಟ್ಟನೋ ಅವನಿಗೇ ತಿಳಿಯದು. ಅಡುಗೆಮನೆಯ ಕಿಟಕಿಗೆ ಬಂದು ಬಿದ್ದಾಗ ಅವಳು ಕಟ್ಟೆಯ ಮುಂದೆ ತುದಿಗಾಲಲ್ಲಿ ನಿಂತಿದ್ದಳು. ಒಂದು ಕೈ ಆಲೂಗಡ್ಡೆಯ ಬಟ್ಟಲಿನ ಮೇಲೆ, ಇನ್ನೊಂದು ಕೈ ಆಸರೆಗಾಗಿ ಮೇಲೆ ಏನನ್ನೋ ತಡಕುತ್ತಿತ್ತು. ಆ ಕೈಗೂ ಬಾಣಲೆಯ ಹಿಡಿಗೂ ನಡುವೆ ಗೇಣು ಜಾಗವಿರಲಿಲ್ಲ. ಅರಚಿದರೆ ಬೆಚ್ಚಿ ಹಿಡಿಯನ್ನೇ ಹಿಡಿದಾಳು. ಬೈದರೆ ನಕ್ಕು ಬೇಕೆಂದೇ ಮಾಡಿಯಾಳು. ಅವನ ಜೀವ ಬಾಯಿಗೆ ಬಂದಿತ್ತು. ಆ ಬಾಯಿಂದಲೇ, ದಿನವೂ ಆಟದಲ್ಲಿ ಹೇಳುವಷ್ಟೇ ಹಗುರಾಗಿ ಹೇಳಿದ:

"ಕಲ್ಲು!"

ಬುಗುರಿ ಕಲ್ಲಾದಳು. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಕಣ್ಣು ಮಾತ್ರ ಕಿಟಕಿಯತ್ತ ಹೊರಳಿತು, ತುಟಿಯಲ್ಲಿ ನಗು ತಡೆದುಕೊಂಡು.

"ಭಲೆ! ಈಗ ಕೈ ಕೆಳಗೆ. ಇನ್ನೂ ಕೆಳಗೆ. ಈಗ ನೀನು ಏಡಿ. ಏಡಿ ಹೇಗೆ ಹೋಗುತ್ತೆ?"

"ಹಿಂದೆ!"

"ಹಿಂದೆ, ಹಿಂದೆ, ಹಿಂದೆ. ನಡುಮನೆವರೆಗೂ. ತಿರುಗಿ ನೋಡಿದ್ರೆ ಔಟು."

ಅವಳು ಕೈಕಾಲೂರಿ, ಹೊಟ್ಟೆ ಮೇಲೆ ಮಾಡಿ, ಸರಸರನೆ ಹಿಂದಕ್ಕೆ ಸರಿದು ಬಾಗಿಲ ಆಚೆ ಮರೆಯಾದಳು. ಅವನ ಹಣೆಯಿಂದ ಬೆವರು ಕಣ್ಣಿಗಿಳಿಯಿತು. ಬಾಣಲೆಯಿಂದ ತೆಳ್ಳಗೆ ಹೊಗೆ ಏಳತೊಡಗಿತ್ತು.

ಊರುಗೋಲನ್ನು ಕಂಬಿಯ ಸಂದಿಯಲ್ಲಿ ತೂರಿಸಿದರೆ ಒಲೆಯ ನಾಬನ್ನು ಮುಟ್ಟಬಹುದು ಎಂದು ಕಣ್ಣಲ್ಲೇ ಅಳೆದ. ಆದರೆ ಅವನು ಇಲ್ಲಿದ್ದರೆ ಅಲ್ಲಿ ಅವಳನ್ನು ಆಡಿಸುವವರು ಯಾರು? ಆಟ ನಿಂತ ಕೂಡಲೇ ಮತ್ತೆ ಇಲ್ಲಿಗೇ ಓಡಿ ಬರುತ್ತಾಳೆ. ಊರುಗೋಲು ಬಾಣಲೆಗೆ ತಾಗಿ ಅದು ಮಗುಚುವ ಹೊತ್ತಿಗೇ ಬಂದುಬಿಟ್ಟರೆ?

ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಟಕಟಕ ಅಜ್ಜಿ ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಕತ್ತಿನಲ್ಲಿ ಅಳತೆ ಪಟ್ಟಿ, ಕೈಯಲ್ಲಿ ಫೋನು, ಮುಖದಲ್ಲಿ ಕೆಂಡ. "ಏನಪ್ಪಾ ಇದು, ಬಾಗಿಲು ಬಡಿಯೋದೇನು, ಕೂಗೋದೇನು? ಇವತ್ತು ಎರಡರಲ್ಲಿ ಒಂದು ಇತ್ಯರ್ಥ ಆಗ್ಲೇಬೇಕು…"

"ಅಮ್ಮಾ, ಮಗು ಒಳಗಿದೆ. ಬಾಗಿಲು ಹಾಕ್ಕೊಂಡ್ಬಿಟ್ಟಿದೆ. ಒಲೆ ಮೇಲೆ ಎಣ್ಣೆ ಕಾಯ್ತಿದೆ."

ಅಜ್ಜಿಯ ಮುಖದ ಕೆಂಡ ಅಲ್ಲೇ ಬೂದಿಯಾಯಿತು. "ಅಯ್ಯೋ! ಬಾಗಿಲು ಒಡಿ."

"ಒಂಟಿಕಾಲಲ್ಲಿ ಹೇಗೆ ಒಡೀಲಿ? ನಾನು ಈ ಕೋಲಿಂದ ಒಲೆ ಆರಿಸ್ತೀನಿ. ಅಲ್ಲೀವರೆಗೂ ನೀವು ಆ ಕಿಟಕಿ ಹತ್ರ ನಿಂತು ಅವಳನ್ನ ಆಡಿಸಿ. ಅಡುಗೆಮನೆ ಕಡೆ ಬರದ ಹಾಗೆ ನೋಡ್ಕೊಳ್ಳಿ. ಕುಣಿಸಿ, ಹಾರಿಸಿ, ಏನಾದ್ರೂ ಮಾಡಿ."

"ನನಗೆ ಆಡ್ಸೋಕೆಲ್ಲಿ ಬರುತ್ತೆ?" ಎಂದಳು ಅಜ್ಜಿ. ಹಾಗನ್ನುತ್ತಲೇ ಕಿಟಕಿಗೆ ಹೋಗಿ ಕಂಬಿ ಹಿಡಿದು ನಿಂತಳು.

ಒಳಗೆ ಬುಗುರಿ ಏಡಿಯಾಟ ಮುಗಿಸಿ ಎದ್ದು ನಿಂತಿದ್ದಳು. ಬೈಯುವ ಅಜ್ಜಿಯನ್ನು ಕಂಡು ಅವಳ ಮುಖ ಬಾಡಿತು. "ನಾನು ಸದ್ದು ಮಾಡಿಲ್ಲ" ಎಂದು ಒಂದು ಹೆಜ್ಜೆ ಹಿಂದೆ ಇಟ್ಟಳು. ಹಿಂದೆ ಇದ್ದದ್ದು ಅಡುಗೆಮನೆ.

"ಅದಕ್ಕೇ ಬಂದೆ ಕಣೇ" ಎಂದಳು ಅಜ್ಜಿ ತಡವರಿಸುತ್ತಾ. "ಸದ್ದೇ ಇಲ್ವಲ್ಲ ಅಂತ. ನನ್ನ… ನನ್ನ ಯಂತ್ರ ಕೆಟ್ಟೋಗಿದೆ. ನೀನೇ ಯಂತ್ರ ಆಗ್ಬೇಕು. ಆ ಗೆರೆ ಇದೆಯಲ್ಲ, ಅದರ ಮೇಲೆ ಹೊಲಿಗೆ ಹಾಕು. ಕಾಲಲ್ಲಿ. ಟಕ, ಟಕ, ಟಕ."

ಬುಗುರಿ ಅನುಮಾನದಿಂದ ಒಂದು ಕಾಲು ಕುಟ್ಟಿದಳು. "ಹೀಗಾ?"

"ಅಷ್ಟೇನಾ? ಅದು ಗುಂಡಿ ಹಾಕೋ ಹೊಲಿಗೆ. ನನಗೆ ದೊಡ್ಡ ಪರದೆ ಹೊಲೀಬೇಕು. ಜೋರಾಗಿ! ನಮ್ಮನೆ ಸುಣ್ಣ ಉದುರ್ಬೇಕು!"

ಬುಗುರಿಗೆ ಅದಕ್ಕಿಂತ ದೊಡ್ಡ ವರ ಬೇಕಿರಲಿಲ್ಲ. ಟಕಟಕಟಕ ಎಂದು ಬಾಯಲ್ಲೂ ಕಾಲಲ್ಲೂ ಬಡಿಯುತ್ತಾ ಗೆರೆಯುದ್ದಕ್ಕೂ ಓಡಿದಳು.

ಇತ್ತ ಅಪ್ಪ ಒಂದು ಕೈಯಲ್ಲಿ ಕಂಬಿ ಹಿಡಿದು, ಪ್ಲಾಸ್ಟರಿನ ಕಾಲನ್ನು ಗಾಳಿಗೆ ಎತ್ತಿ, ಊರುಗೋಲನ್ನು ಒಳಗೆ ತೂರಿಸಿದ. ಅದರ ತುದಿಯ ರಬ್ಬರು ನಾಬಿಗೆ ತಾಗಿತು, ಜಾರಿತು. ಮತ್ತೆ ತಾಗಿಸಿದ, ಮತ್ತೆ ಜಾರಿತು. ಹೊಗೆ ದಟ್ಟವಾಗಿ ಕಣ್ಣು ಉರಿಯತೊಡಗಿತು. ಮೂರನೆಯ ಸಲ ಕೈ ಅದುರಿ ಕೋಲಿನ ನಡು ಬಾಣಲೆಯ ಹಿಡಿಗೆ ಬಡಿಯಿತು. ಬಾಣಲೆ ಅರ್ಧ ಸುತ್ತು ತಿರುಗಿ ವಾಲಿತು. ಎಣ್ಣೆ ತುಳುಕಿ ಉರಿಯ ಮೇಲೆ ಬಿದ್ದು, ಭಗ್ಗೆಂದು ಹಳದಿ ಜ್ವಾಲೆ ಗೋಡೆಯೆತ್ತರಕ್ಕೆ ಎದ್ದಿತು.

"ಏನದು ಬೆಳಕು?" ಎಂದಳು ಒಳಗಿನಿಂದ ಬುಗುರಿ.

"ಯಂತ್ರ ನಿಲ್ಬಾರದು! ನಿಂತ್ರೆ ದಾರ ಹರಿಯುತ್ತೆ! ಓಡು, ಓಡು, ಈ ಕಡೆ ಬಾ, ನನ್ನ ಹತ್ರ ಬಾ!" ಅಜ್ಜಿ ಎರಡು ಕೈಯನ್ನೂ ಕಂಬಿಯೊಳಗೆ ಚಾಚಿದಳು. ಬುಗುರಿ ಓಡಿ ಬಂದು ಆ ಕೈಗಳನ್ನು ಹಿಡಿದಳು, ಅಜ್ಜಿ ಬಿಡಲಿಲ್ಲ. ಮಂಡಿನೋವಿನ ಆ ಹೆಂಗಸು ಹೊರಗೆ, ಬುಗುರಿ ಒಳಗೆ, ಇಬ್ಬರೂ ಕೈಹಿಡಿದು ನಿಂತಲ್ಲೇ ಕುಪ್ಪಳಿಸಿದರು.

ಅಪ್ಪ ಉಸಿರು ಬಿಗಿಹಿಡಿದ. ಕೆಲಸದಲ್ಲಿ ಉದ್ದ ಕೋಲಿಗೆ ರೋಲರು ಕಟ್ಟಿ ಸೂರಿನ ಮೂಲೆಗೆ ಬಣ್ಣ ಹಚ್ಚಿದ ಕೈ ಅದು. ಇದೂ ಅಂಥದೇ ಒಂದು ಮೂಲೆ ಎಂದುಕೊಂಡು ತೋಳನ್ನು ಭುಜದವರೆಗೂ ಕಂಬಿಯೊಳಗೆ ತುರುಕಿದ. ಕಬ್ಬಿಣ ಚರ್ಮ ಕಿತ್ತಿತು. ರಬ್ಬರಿನ ತುದಿಯನ್ನು ನಾಬಿನ ಕಿವಿಗೆ ಪಕ್ಕದಿಂದ ಆನಿಸಿ, ನಿಧಾನವಾಗಿ, ಒತ್ತಡ ಬಿಡದೆ ತಳ್ಳಿದ. ನಾಬು ಕದಲಿತು. ಇನ್ನಷ್ಟು ತಳ್ಳಿದ. ಗ್ಯಾಸಿನ ಸದ್ದು ಇಳಿಯಿತು, ಅಡಗಿತು. ಚೆಲ್ಲಿದ ಎಣ್ಣೆಯ ಉರಿ ಒಂದೆರಡು ಸಲ ನಾಲಿಗೆ ಚಾಚಿ ತಾನಾಗಿಯೇ ಸತ್ತಿತು. ಬಾಣಲೆ ಮಾತ್ರ ವಾಲಿಕೊಂಡೇ ಕರ್ರಗೆ ಹೊಗೆ ಉಗುಳುತ್ತಿತ್ತು.

"ಆರಿತು" ಎಂದ. ಅವನ ದನಿ ಅವನಿಗೇ ಕೇಳಿಸಲಿಲ್ಲ. ಅಜ್ಜಿಗೆ ಕೇಳಿಸಿತು.

ಎಣ್ಣೆ ಇನ್ನೂ ಕುದಿಯುವಷ್ಟು ಬಿಸಿಯಿತ್ತು, ಬಾಗಿಲು ಇನ್ನೂ ಮುಚ್ಚಿತ್ತು, ಆಟ ನಿಲ್ಲಿಸುವಂತಿರಲಿಲ್ಲ. ಅಜ್ಜಿ ಒಂದು ಕೈಯಲ್ಲಿ ಬುಗುರಿಯನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಅಮ್ಮನಿಗೆ ಫೋನ್ ಮಾಡಿದಳು. "ದೂರು ಹೇಳೋಕಲ್ಲಮ್ಮ. ಕೀಲಿ ತಗೊಂಡು ತಕ್ಷಣ ಬಾ. ಮಗು ಚೆನ್ನಾಗಿದೆ, ಮೊದಲು ಅದನ್ನ ಕೇಳ್ಕೋ, ಚೆನ್ನಾಗಿದೆ." ಆಮೇಲೆ ಅಮ್ಮ ಬರುವವರೆಗೂ ಬುಗುರಿ ಪರದೆ ಹೊಲಿದಳು, ಅಂಗಿ ಹೊಲಿದಳು, ಆನೆಗೆ ಚಡ್ಡಿ ಹೊಲಿದಳು. ಕೊನೆಗೆ ಕಿಟಕಿಯ ಕೆಳಗೆ ದಿಂಬೊಂದನ್ನು ಎಳೆದುಕೊಂಡು, ಅಪ್ಪನ ಬೆರಳನ್ನು ಕಂಬಿಯ ಸಂದಿಯಲ್ಲಿ ಹಿಡಿದುಕೊಂಡು, ಮಾತಾಡುತ್ತಾ ಆಡುತ್ತಾ ನಿದ್ದೆ ಹೋದಳು.

ಅಮ್ಮ ಮೆಟ್ಟಿಲನ್ನು ಓಡಿಯೇ ಹತ್ತಿ ಬಂದಳು. ಬಾಗಿಲು ತೆರೆದು ಮೊದಲು ಮಗುವಿನ ಕೈ, ಮುಖ, ಪಾದ ಎಲ್ಲ ಮುಟ್ಟಿ ನೋಡಿದಳು. ಅಡುಗೆಮನೆಗೆ ಹೋದಳು. ಮಸಿ ಹಿಡಿದ ಗೋಡೆಯ ಮುಂದೆ ನಿಂತಳು. ಅವನು ಬಾಗಿಲಿಗೆ ಒರಗಿ ಎಲ್ಲವನ್ನೂ ಹೇಳಿದ. ಒಲೆ ಹಚ್ಚಿಟ್ಟು ಬಂದದ್ದನ್ನು, ಹಿಡಿ ಹೊರಕ್ಕೆ ಇದ್ದದ್ದನ್ನು, ಬುಗುರಿಯ ಕೈ ಎಷ್ಟು ಹತ್ತಿರ ಹೋಗಿತ್ತು ಎಂಬುದನ್ನು. ಏನನ್ನೂ ಮುಚ್ಚಿಡಲಿಲ್ಲ.

"ನಿನ್ನ ಅಕ್ಕ ಹೇಳಿದ್ದೇ ಸರಿ. ಕರ್ಕೊಂಡು ಹೋಗೋಕೆ ಹೇಳು" ಎಂದ ಕೊನೆಗೆ.

ಅಮ್ಮ ತಿರುಗಿದಳು. ಅವಳ ಕಣ್ಣಲ್ಲಿ ಸಿಟ್ಟೂ ಇತ್ತು, ನೀರೂ ಇತ್ತು. "ಹೊಡೀಬೇಕು ಅನ್ನಿಸ್ತಿದೆ ನಿನ್ನ. ಪ್ಲಾಸ್ಟರ್ ಇರೋದಕ್ಕೆ ಬಿಟ್ಟಿದೀನಿ." ವಾಲಿದ್ದ ಬಾಣಲೆಯನ್ನು ನೇರ ಮಾಡುತ್ತಾ ಕೇಳಿದಳು: "ಕಲ್ಲು ಅಂದ ತಕ್ಷಣ ನಿಂತ್ಲಾ?"

"ನಿಂತ್ಲು."

"ನಾನು ಹೇಳಿದ್ರೆ ಒಂದು ದಿನಾನೂ ನಿಂತಿಲ್ಲ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅಕ್ಕನಿಗೆ ನಾನೇ ಹೇಳ್ತೀನಿ, ಮಗು ಇಲ್ಲೇ ಇರುತ್ತೆ ಅಂತ. ಆದ್ರೆ ನಾಳೆಯಿಂದ ಅಡುಗೆ ನಾನೇ ಮಾಡಿಟ್ಟು ಹೋಗ್ತೀನಿ. ಪ್ಲಾಸ್ಟರ್ ಬಿಚ್ಚೋವರೆಗೂ ನೀನು ಒಲೆ ಮುಟ್ಟಿದ್ರೆ ನೋಡು. ಈ ಬೀಗ ಇವತ್ತೇ ಹೋಗ್ಬೇಕು."

ಹೊರಗೆ ಮೆಟ್ಟಿಲ ಮೇಲೆ ಟಕಟಕ ಅಜ್ಜಿ ಮಂಡಿ ಒತ್ತಿಕೊಳ್ಳುತ್ತಾ ಕೂತಿದ್ದಳು. ಅಮ್ಮ ಅವಳಿಗೆ ನೀರು ಕೊಟ್ಟು, ಪಕ್ಕದಲ್ಲೇ ಕೂತು ಆ ಮಂಡಿಯ ಮೇಲೆ ಕೈಯಿಟ್ಟಳು. ಅಜ್ಜಿ ಬೇಡವೆನ್ನಲಿಲ್ಲ.

ಅಪ್ಪ ಒಳಗೆ, ಕಿಟಕಿಯ ಕೆಳಗೆ ಮಲಗಿದ್ದ ಬುಗುರಿಯ ಪಕ್ಕದಲ್ಲಿ ನೆಲಕ್ಕೆ ಜಾರಿ ಕೂತ. ನಿದ್ದೆಯಲ್ಲೇ ಬುಗುರಿ ಹೊರಳಿ ಅವನ ಪ್ಲಾಸ್ಟರಿನ ಮೇಲೆ ಕಾಲು ಹಾಕಿದಳು. ಭಾರಕ್ಕೆ ನೋವಾಯಿತು. ಅವನು ಕದಲಲಿಲ್ಲ.